ಎಣ್ಣೆ ಕುಡಿದ ಕಾರ್ಬನ್ ಬ್ಲೇಡು

ನನ್ನ ಮದುವೆ ಗೊತ್ತಾಗಲು ಒಂದು ಮಧ್ಯಾಹ್ನ ಸಾಕಾಯಿತು. ಗಂಡು ಬಂದರು, ಕೇಸರಿಬಾತು ತಿಂದರು, ನಮ್ಮಪ್ಪ ಅವರ ಬೆರಳುಗಳನ್ನು ನೋಡಿ 'ಮಗ್ಗದ ಕೈ' ಎಂದು ಒಪ್ಪಿಬಿಟ್ಟರು, ಮುಗಿಯಿತು. ಟೇಬಲ್ ಟೆನಿಸ್ ಆಡಲು ಒಂದು ಬ್ಯಾಟು ಆರಿಸುವುದಕ್ಕೆ ಮಾತ್ರ ನನಗೆ ಇಡೀ ಬೇಸಿಗೆ ಸಾಲಲಿಲ್ಲ. ಗಂಡನನ್ನು ಬದಲಾಯಿಸಲಾಗದು, ಬ್ಯಾಟನ್ನು ಬದಲಾಯಿಸಬಹುದು, ಅದಕ್ಕೇಕೆ ಇಷ್ಟು ತಲೆ ಕೆಡಿಸಿಕೊಳ್ಳುವುದು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡೆ. ಕೇಳಿಕೊಂಡಷ್ಟೂ ರೇಗಿತು.

ವಿಷಯ ಇಷ್ಟು. ಸೇಲಂನ ಒಂದು ಸರ್ಕಾರಿ ಕಚೇರಿಯಲ್ಲಿ ನನಗೆ ಕೆಲಸ. ಸಂಜೆ ಫೈಲು ಮುಚ್ಚಿದ ಮೇಲೆ ಹಿಂದಿನ ಕೊಠಡಿಯಲ್ಲಿ ಟೇಬಲ್ ಟೆನಿಸ್. ಡಬಲ್ಸ್‌ನಲ್ಲಿ ನನ್ನ ಜೊತೆಗಾತಿ ಸರೋಜಕ್ಕ. ಅವರು ಧರ್ಮಪುರಿಯ ಹತ್ತಿರ ನಲ್ಲಂಪಳ್ಳಿ ಕಡೆಯ ಬೇಸಾಯಗಾರರ ಮನೆಯವರು, ನಾನು ಸೇಲಂ ಊರೊಳಗಿನ ನೇಕಾರರ ಮನೆಯವಳು. ಇಬ್ಬರ ಮನೆಮಾತೂ ಕನ್ನಡವಾದ್ದರಿಂದ ಆಟದ ನಡುವೆ ತಮಿಳಿನ ಎದುರಾಳಿಗೆ ತಿಳಿಯದಂತೆ ಸಂಚು ಮಾಡಬಹುದು ಎಂಬುದು ನಮಗಿರುವ ಒಂದೇ ಅನುಕೂಲ. ಎದುರಿನವರಿಗೆ ಅದು ಮುಕ್ಕಾಲು ಅರ್ಥವಾಗುತ್ತದೆ ಎಂಬುದು ಬೇರೆ ಮಾತು.

ಡಬಲ್ಸ್‌ನಲ್ಲಿ ಜೊತೆಗಾರರು ಒಬ್ಬರಾದ ಮೇಲೆ ಒಬ್ಬರು ಚೆಂಡನ್ನು ಆಡಲೇಬೇಕು. ನಾನು ತಳ್ಳುವವಳು, ಸರೋಜಕ್ಕ ಹೊಡೆಯುವವರು. ಬಂದ ಚೆಂಡನ್ನು ನಾನು ಮರ್ಯಾದೆಯಿಂದ ವಾಪಸ್ಸು ಕಳಿಸುತ್ತೇನೆ, ಅದು ತಿರುಗಿ ಬಂದಾಗ ಅಕ್ಕ ಚಚ್ಚುತ್ತಾರೆ. ಹೀಗೆಯೇ ನಾವು ಪ್ರತಿ ವರ್ಷ ಜಿಲ್ಲೆಗಳ ನಡುವಿನ ಪಂದ್ಯಕ್ಕೆ ಹೋಗಿ, ಪ್ರತಿ ವರ್ಷವೂ ಈರೋಡಿನ ಜೋಡಿಯ ಕೈಯಲ್ಲಿ ಸೋತು, ಅವರ ಜೊತೆಯಲ್ಲೇ ಕಾಫಿ ಕುಡಿದು ಮನೆಗೆ ಬರುತ್ತಿದ್ದೆವು. ಒಳ್ಳೆಯ ಹೆಂಗಸರು ಅವರು. ಅದೇ ಇನ್ನೂ ಉರಿಯುವ ಸಂಗತಿ.

ಈ ವರ್ಷ ಸರೋಜಕ್ಕನಿಗೆ ನಿವೃತ್ತಿ. ಅದರ ಮೇಲೆ ಬಲಭುಜ ಹಿಡಿದುಕೊಂಡಿದೆ. ಒಂದು ಸಂಜೆ ಅವರು ಬ್ಯಾಟನ್ನು ಮೇಜಿನ ಮೇಲೆ ಇಟ್ಟು ಹೇಳಿದರು: "ನನ್ ಕೈ ಮೇಲೇಳಾಕಿಲ್ಲ ಕಣೆ ಇಂದ್ರಾ. ಈ ಸಲ ನಾನು ಚೆಂಡ್ನ ಸುಮ್ಮಾ ಒಳೀಕ್ ಆಕ್ತೀನಿ, ನೀನು ಒಡಿ. ಆ ಈರೋಡ್ನೋರ್ನ ಒಂದ್ ದಪ ಆದ್ರೂ ಗೆದ್ದು ರಿಟೈರ್ ಆಗ್ಬೇಕು ಅಂತ ಐತೆ ನಂಗೆ."

ಹೊಡೆಯುವುದು. ನಾನು. ಆಟೋದವನು ಊರೆಲ್ಲ ಸುತ್ತಿಸಿಕೊಂಡು ಹೋದರೂ 'ಪರವಾಯಿಲ್ಲ' ಎಂದು ಇಳಿಯುವವಳು ನಾನು. ಅತ್ತೆ ಸಾರಿಗೆ ಉಪ್ಪು ಕಡಿಮೆ ಎಂದರೆ ಉಪ್ಪು ತಂದಿಡುತ್ತೇನೆ, ಜಾಸ್ತಿ ಎಂದರೆ ನೀರು ತಂದಿಡುತ್ತೇನೆ. ಆದರೆ ಅಕ್ಕ ಕೇಳಿದ್ದು ಅದೊಂದೇ, ಅದೂ ಬಾಯಿ ಬಿಟ್ಟು. ಇಲ್ಲ ಎನ್ನಲಾಗಲಿಲ್ಲ. ಸ್ವಭಾವ ಬದಲಾಯಿಸಲು ಈ ವಯಸ್ಸಿನಲ್ಲಿ ಆಗುವುದಿಲ್ಲ, ಬ್ಯಾಟಾದರೂ ಬದಲಾಯಿಸೋಣ ಎಂದುಕೊಂಡೆ. ನನ್ನ ಕಷ್ಟಕಾಲ ಶುರುವಾದದ್ದು ಅಲ್ಲಿಂದ.

ನಿಮಗೆ ಈ ಆಟದವರ ಒಂದು ಮಾತು ತಿಳಿದಿರಬೇಕು. ಬ್ಯಾಟಿನಲ್ಲಿ ಮರ ಬೇರೆ, ರಬ್ಬರು ಬೇರೆ. ರಬ್ಬರು ಅಂಟಿಸದ ಬರೀ ಮರಕ್ಕೆ ಬ್ಲೇಡು ಎನ್ನುತ್ತಾರೆ. ಹಪ್ಪಳದಷ್ಟು ತೆಳುವಾದ ಮರದ ಹಾಳೆಗಳನ್ನು ಒಂದರ ಮೇಲೊಂದು ಅಂಟಿಸಿ ಅದನ್ನು ಮಾಡುತ್ತಾರೆ. ನಡುವೆ ಕಾರ್ಬನ್ ನಾರಿನ ಬಟ್ಟೆ ಸೇರಿಸಿದರೆ ಬ್ಲೇಡು ಗಂಜಿ ಹಾಕಿದ ಪಂಚೆಯ ಹಾಗೆ ಬಿಗಿಯಾಗುತ್ತದೆ. ಬಾಗುವುದಿಲ್ಲ, ಬಳುಕುವುದಿಲ್ಲ, ಚೆಂಡು ತಾಗಿದ್ದೇ ತಡ ಹಾರಿಹೋಗುತ್ತದೆ. ಹೊಡೆಯುವವರು ಇಂಥದ್ದನ್ನೇ ಹಿಡಿಯುತ್ತಾರೆ. ನನ್ನಂಥ ತಳ್ಳುವವರಿಗೆ ಬರೀ ಮರದ್ದು, ಮೆತ್ತನೆಯದು, ಚೆಂಡನ್ನು ಒಂದು ಗಳಿಗೆ ಹಿಡಿದು ವಿಚಾರಿಸಿ ಕಳಿಸುವಂಥದ್ದು.

ಸರಿ, ಬಿಗಿಯಾದ, ವೇಗದ ಕಾರ್ಬನ್ ಬ್ಲೇಡು ಬೇಕು. ಇಷ್ಟನ್ನು ಮೊಬೈಲಿನಲ್ಲಿ ಬರೆದು ಹುಡುಕಿದೆ. ಅಲ್ಲಿರುವವರಿಗೆ ಬೇರೆ ಕೆಲಸವಿಲ್ಲವೆಂದು ಕಾಣುತ್ತದೆ. ಒಬ್ಬ ಬ್ಲೇಡನ್ನು ಕಿವಿಯ ಬಳಿ ಹಿಡಿದು ತೆಂಗಿನಕಾಯಿ ನೋಡಿದ ಹಾಗೆ ತಟ್ಟುತ್ತಾನೆ, ಕಣ್ಣು ಮುಚ್ಚಿಕೊಂಡು 'ಆಹಾ' ಎನ್ನುತ್ತಾನೆ. ಇನ್ನೊಬ್ಬ ಅದೇ ಬ್ಲೇಡಿಗೆ ಜೀವವೇ ಇಲ್ಲ ಎನ್ನುತ್ತಾನೆ. ಬ್ಲೇಡಿಗೆ ಜೀವ ಯಾಕಿರಬೇಕು ಎಂದು ಯಾರೂ ಕೇಳುವುದಿಲ್ಲ. ಒಂದು ಕಂಪನಿಯವರು ವೇಗಕ್ಕೂ ಹಿಡಿತಕ್ಕೂ ಹತ್ತಕ್ಕೆ ಒಂಬತ್ತೂವರೆ ಎಂದು ತಮಗೆ ತಾವೇ ಅಂಕ ಕೊಟ್ಟುಕೊಂಡಿದ್ದಾರೆ. ಎರಡೂ ಅಷ್ಟಿದ್ದರೆ ಬೇರೆ ಬ್ಲೇಡು ಮಾಡುವ ಅಗತ್ಯವಾದರೂ ಏನಿತ್ತೋ. ಕಾರ್ಬನ್ ಬಟ್ಟೆ ಹೊರಗಿನ ಹಾಳೆಯ ಅಡಿಗೇ ಇರಬೇಕೋ, ಒಳಗಿನ ತಿರುಳಿಗೆ ಅಂಟಿಕೊಂಡಿರಬೇಕೋ ಎಂಬುದರ ಮೇಲೆ ಜನ ಜಗಳವಾಡಿ ಮಾತು ಬಿಟ್ಟಿದ್ದಾರೆ. ಹೊರಗಿದ್ದರೆ ವೇಗ ಜಾಸ್ತಿಯಂತೆ, ಒಳಗಿದ್ದರೆ ಮೃದುವಂತೆ. ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಕೊನೆಗೆ ಪ್ರತಿಯೊಬ್ಬನೂ ಹೇಳುವುದು ಒಂದೇ: ಅದೆಲ್ಲ ನಿಮ್ಮ ಆಟದ ಮೇಲೆ ಹೋಗುತ್ತದೆ. ಅಯ್ಯಾ, ನನಗೆ ಆ ಆಟ ಇದ್ದಿದ್ದರೆ ನಿನ್ನ ಹತ್ತಿರ ಯಾಕೆ ಬರುತ್ತಿದ್ದೆ?

ಶಾಲೆಯಲ್ಲಿ ನಮಗೆ ರಸಾಯನಶಾಸ್ತ್ರ ಹೇಳಿಕೊಟ್ಟ ಟೀಚರು ಕಾರ್ಬನ್ನಿನ ವಿಷಯ ಬಂದರೆ ಭಾವುಕರಾಗುತ್ತಿದ್ದರು. ಇದ್ದಿಲೂ ಅದೇ, ಪೆನ್ಸಿಲ್ಲಿನ ಕಡ್ಡಿಯೂ ಅದೇ, ವಜ್ರವೂ ಅದೇ, ಕೂಡಿಕೊಂಡ ರೀತಿ ಮಾತ್ರ ಬೇರೆ ಎನ್ನುತ್ತಿದ್ದರು. ನಾನು ಅದನ್ನು ನೆನೆದು, ನನ್ನೊಳಗೂ ಎಲ್ಲೋ ಹೊಡೆಯುವ ಹೆಂಗಸು ಇರಬಹುದು, ಕೂಡಿಕೊಂಡ ರೀತಿ ಸರಿಯಿಲ್ಲವಷ್ಟೇ ಎಂದು ಸಮಾಧಾನ ಮಾಡಿಕೊಂಡೆ. ಆ ಸಮಾಧಾನ ಯಜಮಾನರು ಮಗ್ಗದಿಂದ ಎದ್ದು ಬರುವವರೆಗೆ ಇತ್ತು.

ನಮ್ಮ ಯಜಮಾನರು ಮನೆಯಲ್ಲೇ ರೇಷ್ಮೆ ಪಂಚೆ ನೇಯುತ್ತಾರೆ. ಕಾರ್ಬನ್ ನಾರನ್ನೂ ಹಾಸುಹೊಕ್ಕು ಹಾಕಿ ನೇಯುತ್ತಾರೆಂದು ಬಾಯಿ ತಪ್ಪಿ ಹೇಳಿದೆ. ಮೊಬೈಲು ಕಸಿದುಕೊಂಡು ಆ ಬಟ್ಟೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದರು. "ನೇಯ್ಗೆ ಚೆನ್ನಾಗೈತೆ," ಎಂದರು. ಆಮೇಲೆ ಮುಖ ಗಂಟಿಕ್ಕಿದರು. "ಇಷ್ಟ್ ಚೆನ್ನಾಗ್ ನೇಯ್ದು ಮರದೊಳಗಾಕಿ ಮುಚ್ಬುಟ್ರೆ ಯಾರ್ ನೋಡ್ತಾರೆ? ಅಂಚೆಲ್ಲೈತೆ ಇದಕ್ಕೆ?" ಅಂಚು ಇಲ್ಲ, ಇದು ಉಡುವುದಲ್ಲ ಎಂದೆ. "ಅಂಚಿಲ್ದಿದ್ರೆ ನೂಲೆಲ್ಲ ಬಿಟ್ಕಂಡ್ ಪಿಸುರೋಗ್ತದೆ ನೋಡ್ತಿರು," ಎಂದು ಹೋದರು. ಆಮೇಲೆ ಒಂದು ವಾರ, ಊಟಕ್ಕೆ ಕೂತಾಗಲೆಲ್ಲ, ಆ ಕಂಪನಿಯವರು ಅಂಚಿನ ವಿಷಯದಲ್ಲಿ ಎಂಥ ತಪ್ಪು ಮಾಡಿದ್ದಾರೆಂಬುದೇ ಮಾತು.

ಕೊನೆಗೆ ಬಸ್ ನಿಲ್ದಾಣದ ಹತ್ತಿರದ ಕ್ರೀಡಾ ಸಾಮಾನಿನ ಅಂಗಡಿಗೆ ಹೋದೆ. ಟಿಟಿ ಬ್ಲೇಡು ಎನ್ನುತ್ತಿದ್ದ ಹಾಗೇ ಅಂಗಡಿಯವರು "ಪೈಯನಾ, ಪೊಣ್ಣಾ? ಎತ್ತನಾವದು ಪಡಿಕ್ಕಿರಾಂಗ?" ಎಂದು ಕೇಳಿದರು. ಮಗನಿಗೂ ಅಲ್ಲ, ಮಗಳಿಗೂ ಅಲ್ಲ, ಯಾವ ಕ್ಲಾಸಿನಲ್ಲೂ ಓದುತ್ತಿಲ್ಲ, ನನಗೇ ಎಂದೆ. ಅವರು ನನ್ನನ್ನೂ, ನನ್ನ ಕೈಯಲ್ಲಿದ್ದ ಕರಿಬೇವಿನ ಕಟ್ಟನ್ನೂ ನೋಡಿ, ಕಪಾಟಿನ ತೀರಾ ಕೆಳಗಿನ ಸಾಲಿನಿಂದ ಒಂದು ಮೆತ್ತನೆಯ ಬ್ಯಾಟು ತೆಗೆದರು. ನಾನು ಮೇಲಿನ ಸಾಲಿನ ಒಂದನ್ನು ತೋರಿಸಿದೆ. ಕಾರ್ಬನ್ನು, ಅದೂ ಹೊರಗಿನ ಹಾಳೆಯ ಅಡಿಗೇ ಇರುವಂಥದ್ದು, ಬೆರಳಿನಿಂದ ಒತ್ತಿದರೆ ಕಲ್ಲು. "ಅದು ಉಂಗಳುಕ್ಕು ವೇಂಡಾಮ್ಮಾ, ರೊಂಬ ಫಾಸ್ಟು," ಎಂದರು. ಇಡೀ ಬೇಸಿಗೆ ಓದಿದ್ದು, ನೋಡಿದ್ದು, ಅಂಕ ಕೂಡಿಸಿ ಕಳೆದದ್ದು ಎಲ್ಲವೂ ಮರೆತುಹೋಯಿತು. ನನಗೆ ಬೇಡವೆಂದು ಇವರು ಯಾರು ಹೇಳಲು? ಅದನ್ನೇ ಕೊಡಿ ಎಂದೆ. ಹೀಗೆ ಆಯ್ಕೆ ಮುಗಿಯಿತು.

ಮನೆಗೆ ಬಂದವಳೇ, ಇನ್ನು ತಳ್ಳುವ ಮಾತೇ ಇಲ್ಲವೆಂದು, ಉತ್ಸಾಹದಲ್ಲಿ ಹಳೆಯ ಬ್ಯಾಟಿನ ಎರಡೂ ರಬ್ಬರು ಕಿತ್ತೆ. ಒಂದು ಹರಿದೇಹೋಯಿತು. ಹೋಗಲಿ, ಹೇಗೂ ಬ್ಲೇಡಿನ ಜೊತೆಗೇ ಹೊಸ ರಬ್ಬರೂ ತಂದಿದ್ದೇನೆ, ನಾಳೆ ಸರೋಜಕ್ಕನೇ ಬಂದು ಅಂಟಿಸಿಕೊಡುತ್ತಾರೆ ಎಂದು ಹೊಸ ಬ್ಲೇಡನ್ನು ಮಗ್ಗದ ಕೋಣೆಯ ಗೂಡಿನಲ್ಲಿಟ್ಟೆ. ಮರುದಿನ ಅಮಾವಾಸ್ಯೆ ಎಂಬುದು ನೆನಪಿಗೆ ಬರಲಿಲ್ಲ.

ನೇಕಾರರ ಮನೆಯಲ್ಲಿ ಅಮಾವಾಸ್ಯೆಯ ದಿನ ಮಗ್ಗಕ್ಕೆ ರಜೆ. ಮಗ್ಗ ನಿಂತಿತೆಂದು ನಮ್ಮ ಅತ್ತೆಯ ಕೈ ನಿಲ್ಲುವುದಿಲ್ಲ. ಅವರು ಮನೆಮನೆಗೂ ಮಗ್ಗವಿರುವ ತಾರಮಂಗಲದವರು, ಸುಮ್ಮನೆ ಕೂರುವುದು ಅವರಿಗೆ ತಿಳಿಯದು. ನೂಲು ಹೊತ್ತು ಮಗ್ಗದಲ್ಲಿ ಅತ್ತಿತ್ತ ಓಡುವ ಮರದ ಲಾಳಿಗಳನ್ನೆಲ್ಲ ತೆಗೆದು ಒರೆಸಿ ಎಣ್ಣೆ ಹಚ್ಚುತ್ತಾರೆ. ಹೊಸ ಲಾಳಿ ಬಂದಿದ್ದರೆ ಅದನ್ನು ಎಣ್ಣೆಯಲ್ಲೇ ನೆನೆಹಾಕುತ್ತಾರೆ. ಸಂಜೆ ನಾನೂ ಸರೋಜಕ್ಕನೂ ಮನೆಗೆ ಬಂದಾಗ ಜಗಲಿಯ ಇಳಿಬಿಸಿಲಿನಲ್ಲಿ ಲಾಳಿಗಳ ಸಾಲು, ಆ ಸಾಲಿನ ಕೊನೆಯಲ್ಲಿ ನನ್ನ ಬ್ಲೇಡು. ಹಿಡಿಕೆಯಿಂದ ಹರಳೆಣ್ಣೆ ತೊಟ್ಟಿಕ್ಕುತ್ತಿತ್ತು. ನೆತ್ತಿಗೆ ಅರಿಶಿನ, ಕುಂಕುಮ.

ಓಡಿಹೋಗಿ ಎತ್ತಿಕೊಂಡರೆ ಬೆರಳೆಲ್ಲ ಎಣ್ಣೆ. ಅತ್ತೆಯೇ ಹೇಳಿದರು: "ಒಸಾ ಮರ ಮನೆಗ್ ಬಂದ್ರೆ ಎಣ್ಣೆ ಕುಡಿಸ್ದೆ ಇರಾಕಾಯ್ತದಾ? ಇಲ್ದಿದ್ರೆ ಸೀಳ್ಕಂಡ್ ಓಗ್ತದೆ. ಬೆಳಗ್ಗಿಂದ ಎಣ್ಣೇಲಿ ಊರಾಕಿದ್ದೆ, ಚೆನ್ನಾಗ್ ಕುಡೀತು."

ಇದು ಲಾಳಿಯಲ್ಲ ಅತ್ತೆ, ಚೆಂಡು ಹೊಡೆಯುವುದು ಎಂದೆ.

"ಗೊತ್ತು ಕಣೆ. ಲಾಳೀನೂ ಏಟ್ ತಿನ್ನೋದೇ ಅಲ್ವಾ?"

ಸರೋಜಕ್ಕ ನಗುತ್ತಾ ಜಗಲಿಯಲ್ಲೇ ಕುಳಿತುಬಿಟ್ಟರು. ನನಗೆ ಅಳು ಬಂತು. ಎಣ್ಣೆ ಕುಡಿದ ಮರಕ್ಕೆ ಗೋಂದು ಹಿಡಿಯುವುದಿಲ್ಲ. ಅಕ್ಕಿಹಿಟ್ಟು ಹಚ್ಚಿ ಉಜ್ಜಿದೆವು, ಹಳೆಯ ಪಂಚೆಯಲ್ಲಿ ಸುತ್ತಿ ಬಿಸಿಲಿಗಿಟ್ಟೆವು, ಸ್ಪಿರಿಟ್ಟಿನಲ್ಲಿ ಒರೆಸಿದೆವು, ಯಜಮಾನರು ಉಪ್ಪುಕಾಗದದಿಂದ ತಿಕ್ಕಿದರು, ತಿಕ್ಕುವಾಗಲೂ ಅಂಚಿನ ಮಾತು ಬಿಡಲಿಲ್ಲ. ಬಹಳ ದಿನ ಸತಾಯಿಸಿ ಕೊನೆಗೆ ರಬ್ಬರು ಹಿಡಿಯಿತು, ಒಂದು ಮೂಲೆ ಬಿಟ್ಟು. ಆ ಮೂಲೆ ಹೊಡೆದಾಗಲೆಲ್ಲ ಪಟಪಟ ಎನ್ನುತ್ತಿತ್ತು. ಮರ ಭಾರವಾಗಿತ್ತು. ತಟ್ಟಿದರೆ ಟಣ್ ಎನ್ನಬೇಕಾದದ್ದು ನೆನೆದ ಹಲಗೆಯಂತೆ ದಬ್ ಎನ್ನುತ್ತಿತ್ತು. ಹಳೆಯದಕ್ಕೆ ಮರಳಲು ಮನಸ್ಸಿರಲಿಲ್ಲ, ಹೊಸದೊಂದು ಕೊಳ್ಳಲು ಹೊತ್ತಿರಲಿಲ್ಲ. ಅಷ್ಟು ಹುಡುಕಿ ತಂದ ವೇಗವನ್ನು ಅತ್ತೆಯ ಎಣ್ಣೆ ನುಂಗಿತ್ತು. ಒಂದು ಮಾತು ಮಾತ್ರ ಒಪ್ಪಿಕೊಳ್ಳಬೇಕು. ಅದು ನಿಧಾನವಾದದ್ದಕ್ಕೇ ಇರಬೇಕು, ನಾನು ಹೊಡೆದ ಚೆಂಡುಗಳಲ್ಲಿ ಅರ್ಧವಾದರೂ ಮೇಜಿನ ಮೇಲೆ ಬೀಳತೊಡಗಿದವು. ಈ ಮಾತನ್ನು ಅತ್ತೆಗೆ ಹೇಳಿಲ್ಲ.

ಪಂದ್ಯದ ದಿನ ಅಂಪೈರು ಬ್ಯಾಟು ಪರೀಕ್ಷಿಸಲು ತೆಗೆದುಕೊಂಡರು. ಹೀಗೆ ತಿರುಗಿಸಿದರು, ಹಾಗೆ ತಿರುಗಿಸಿದರು, ಮೂಗಿನ ಬಳಿ ಹಿಡಿದರು. "ಎನ್ನಮ್ಮಾ, ಎಣ್ಣೈ ವಾಸನೆ ವರುದು?" ಎಂದರು. ಅತ್ತೆ ಹಚ್ಚಿದ್ದು ಎಂದೆ. ಅವರಿಗೂ ಮನೆಯಲ್ಲಿ ಹಿರಿಯರು ಇದ್ದಿರಬೇಕು, ಬ್ಯಾಟನ್ನು ಹಾಗೇ ವಾಪಸ್ಸು ಕೊಟ್ಟರು.

ಎದುರಿಗೆ ಈರೋಡಿನವರು. ಸರೋಜಕ್ಕ ಭುಜಕ್ಕೆ ಪಟ್ಟಿ ಬಿಗಿದುಕೊಂಡು, ಜನ್ಮದಲ್ಲಿ ಎಂದೂ ತಳ್ಳದವರು, ಒಂದೊಂದೇ ಚೆಂಡನ್ನು ತಳ್ಳುತ್ತಿದ್ದರು. ಎದ್ದು ಬಂದ ಚೆಂಡನ್ನು ಚಚ್ಚದೆ ಬಿಡುವಾಗ ಅವರು ಹಲ್ಲು ಕಚ್ಚುವುದು ನನಗೆ ಪಕ್ಕದಲ್ಲೇ ಕಾಣುತ್ತಿತ್ತು. ನಾನು ಹೊಡೆದೆ. ಪಟಪಟ ಸದ್ದಿನೊಂದಿಗೆ ಹೊರಗೆ ಹೊಡೆದೆ, ನೆಟ್ಟಿಗೆ ಹೊಡೆದೆ, ಒಮ್ಮೊಮ್ಮೆ ಮೇಜಿಗೂ ಹೊಡೆದೆ. ಚೆಂಡು ಹೊರಗೆ ಹೋದಾಗಲೆಲ್ಲ ಅಕ್ಕನ ಮುಖ ನೋಡುತ್ತಿದ್ದೆ. "ಓದ್ರೆ ಓಗ್ಲಿ, ಒಡಿ," ಅಷ್ಟೇ ಅವರ ಮಾತು. ಅವರೂ ನಾವೂ ಸಮಸಮವಾಗಿ ಕೊನೆಯ ಗೇಮಿಗೆ ಬಂದೆವು. ಕೊನೆಗೆ ನಮಗೆ ಬೇಕಾದದ್ದು ಒಂದೇ ಪಾಯಿಂಟು, ಸರ್ವ್ ಸರೋಜಕ್ಕನದು.

ಅಕ್ಕ ಸರ್ವ್ ಮಾಡಿದರು. ಚೆಂಡು ತಿರುಗಿ ನನ್ನೆಡೆಗೆ ಬಂತು, ಸ್ವಲ್ಪ ಎತ್ತರಕ್ಕೆ. ಆ ಬೇಸಿಗೆಯ ರೇಗಾಟವೆಲ್ಲ ಕೈಗೆ ಬಂದಿತ್ತೋ ಏನೋ, ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಬೀಸಿದೆ. ಚೆಂಡು ನೆಟ್ಟಿನ ಮೇಲಂಚಿಗೆ ತಾಗಿತು. ಮೇಲೆದ್ದಿತು. ಎಲ್ಲರೂ ನೋಡುತ್ತಿದ್ದ ಹಾಗೆ, ಆ ಸಭಾಂಗಣದಲ್ಲಿ ಆ ದಿನ ಆಡಿದ ಚೆಂಡುಗಳಲ್ಲೆಲ್ಲ ಅತಿ ನಿಧಾನವಾದ ಚೆಂಡಾಗಿ, ನೆಟ್ಟಿನ ಆ ಬದಿಗೆ ಮೆಲ್ಲಗೆ ಇಳಿಯಿತು. ಈರೋಡಿನ ಹೆಂಗಸು ಮೇಜಿನ ಮೇಲೆ ಬಗ್ಗಿ ಕೈ ಚಾಚಿದರು. ಸಿಗಲಿಲ್ಲ.

ಈ ಆಟದಲ್ಲಿ ಒಂದು ಪದ್ಧತಿಯಿದೆ. ನೆಟ್ಟಿಗೆ ತಾಗಿ ಅದೃಷ್ಟದಿಂದ ಪಾಯಿಂಟು ಬಂದರೆ ಗೆದ್ದವರು ಕೈಯೆತ್ತಿ ಕ್ಷಮೆ ಕೇಳಬೇಕು. ನನ್ನ ಎಡಗೈ ತಾನಾಗಿಯೇ ಮೇಲೆದ್ದಿತು. ಸರೋಜಕ್ಕ ಅದನ್ನು ಹಿಡಿದು ಕೆಳಗಿಳಿಸಿದರು. ಅವರ ಕಣ್ಣಲ್ಲಿ ನೀರು.

"ಇಳಿಸೇ ಕೈನ. ಇಷ್ಟ್ ವರ್ಸಕ್ಕೆ ಒಂದ್ ಗೆದ್ದೀವಿ, ಅದಕ್ಕೂ ಮನ್ನಿಪ್ಪು ಕೇಳ್ತೀಯಾ?"

ನನಗೆ ಅಷ್ಟು ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಮುಂದಿನ ಸುತ್ತಿನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ನಮ್ಮನ್ನು ಹತ್ತು ನಿಮಿಷದಲ್ಲಿ ಮುಗಿಸಿದರು, ಅದು ಲೆಕ್ಕಕ್ಕಿಲ್ಲ. ಈರೋಡಿನವರು ಎಂದಿನಂತೆ ನಮ್ಮೊಡನೆ ಕಾಫಿ ಕುಡಿದರು. ನೆಟ್ಟಿಗೆ ತಾಗಿದ ಚೆಂಡಿಗೆ ಕ್ಷಮೆ ಕೇಳುವುದು ಒಳ್ಳೆಯ ಪದ್ಧತಿಯೇ, ಬೇರೆ ಯಾರಿಗಾದರೂ ನಾನು ಈಗಲೂ ಕೈಯೆತ್ತುತ್ತೇನೆ. ಅವರಿಗೆ ಮಾತ್ರ ಇನ್ನೂ ಕೇಳಿಲ್ಲ. ಕೇಳುವ ಯೋಚನೆಯೂ ಇಲ್ಲ.