ಬಣಕಲ್ಲಿನಲ್ಲಿ ನಿಂತ ಯುರೋಪ್ ಪ್ರವಾಸ

ಭೂಪಟದಲ್ಲಿ ಪ್ಯಾರಿಸ್ಸಿಗೂ ವಿಯೆನ್ನಾಕ್ಕೂ ನಡುವಿನ ದೂರ ನನ್ನ ಕಿರುಬೆರಳಿನ ಎರಡು ಗೆಣ್ಣು. ಬೆರಳಿಟ್ಟು ಅಳೆದು ನೋಡಿದ್ದೆ. ಅದೇ ಅಳತೆಯಲ್ಲಿ ನಮ್ಮ ಮೂಡಿಗೆರೆ, ಬಣಕಲ್, ಕಳಸ ಮೂರೂ ಒಂದು ಸಾಸಿವೆ ಕಾಳಿನ ಕೆಳಗೆ ಅಡಗುತ್ತಿದ್ದವು.

ಈಗಿನ ಮಹಾಯುದ್ಧ ಶುರುವಾಗುವುದಕ್ಕೆ ಎರಡು ವರ್ಷ ಹಿಂದಿನ ಮಾತು. ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಬಿ.ಎ. ಮುಗಿಸಿ ನಾನು ಅತ್ತಿಗುಂಡಿಯ ಕೆಳಗಿರುವ ನಮ್ಮ ಎಸ್ಟೇಟಿಗೆ ಬಂದಿದ್ದೆ. ನನಗೆ ಅಪ್ಪ ಇಲ್ಲ, ಓದಿಸಿದವರು ದೊಡ್ಡಪ್ಪ. ಆ ವರ್ಷ ಕೊಯ್ಲು ಮುಗಿಯುವ ಹೊತ್ತಿಗೆ ಅವರು ಒಂದು ತೀರ್ಮಾನ ಮಾಡಿದ್ದರು. ಇಷ್ಟು ವರ್ಷ ಕಾಫಿ ಬೆಳೆದು ಮೂಟೆ ಕಟ್ಟಿ ಹಡಗಿಗೆ ಕಳಿಸಿದ್ದಾಯಿತು, ಅದನ್ನು ಕುಡಿಯುವವರ ಮುಖವನ್ನು ಒಮ್ಮೆ ನೋಡಿ ಬರಬೇಕು. ಕಾಫಿ ಗಿಡಕ್ಕೆ ಹೂ ತರಿಸುವ ಹೂಮಳೆ ಮುಗಿದ ಮೇಲೆ ಹೊರಟರೆ, ಮುಂಗಾರು ಹಿಡಿಯುವುದರೊಳಗೆ ಹಡಗಿನ ದಿನಗಳನ್ನು ಕಳೆದು ನೆಲದ ಮೇಲೆ ಮೂರು ವಾರ ಸಿಗುತ್ತಿತ್ತು. ಅಷ್ಟರಲ್ಲಿ ಮಾರ್ಸೇಲ್ಸ್, ಪ್ಯಾರಿಸ್, ಲಂಡನ್, ಹ್ಯಾಂಬರ್ಗ್, ಬರ್ಲಿನ್, ವಿಯೆನ್ನಾ, ವೆನಿಸ್, ರೋಮ್ ಎಂಟನ್ನೂ ನೋಡುವುದಾಗಿ ಚಿಕ್ಕಮಗಳೂರಿನಲ್ಲಿ ಬೇರೆ ಪ್ಲಾಂಟರುಗಳ ಎದುರು ಹೇಳಿಯೂ ಬಂದಿದ್ದರು.

ಇಂಗ್ಲಿಷ್ ಮಾತಾಡಲು, ರೈಲು ಹತ್ತಿಸಲು ಜೊತೆಗೊಬ್ಬರು ಬೇಕಿತ್ತು.

"ಪ್ಲಾನು ನೀನೇ ಮಾಡು ಮಗಾ. ಸರಿಯಾಗಿದ್ರೆ ನೀನು ಬರ್ತೀಯ. ಇಲ್ಲಾಂದ್ರೆ ನಮ್ಮ ರೈಟರನ್ನ ಕರ್ಕೊಂಡು ಹೋಗ್ತೀನಿ" ಎಂದರು. ರೈಟರ್ ಎಂದರೆ ನಮ್ಮ ಎಸ್ಟೇಟಿನ ಲೆಕ್ಕ ಬರೆಯುವವರು. ಅವರಿಗೆ ಘಾಟಿಯ ತಿರುವಿನಲ್ಲೇ ವಾಂತಿಯಾಗುತ್ತಿತ್ತು.

ನನಗೆ ಹೋಗಬೇಕಿತ್ತು. ಎಂಟರಲ್ಲಿ ನನಗೆ ಬೇಕಾಗಿದ್ದದ್ದು ವಿಯೆನ್ನಾ ಒಂದೇ. ಕಾಲೇಜಿನಲ್ಲಿ ಆ ಊರಿನ ಚರಿತ್ರೆಯ ಮೇಲೆ ಪ್ರಬಂಧ ಬರೆದಿದ್ದೆ, ಅದರ ಬೀದಿಗಳ ಹೆಸರುಗಳು ಬಾಯಿಪಾಠವಾಗಿದ್ದವು. ಇದನ್ನು ಯಾರಿಗೂ ಹೇಳಿರಲಿಲ್ಲ. ಮುಂಬಯಿಯಿಂದ ಯುರೋಪಿನ ರೈಲುಗಳ ವೇಳಾಪಟ್ಟಿ ತರಿಸಿಕೊಂಡು, ಒಂದು ರೈಲಿಗೆ ಇನ್ನೊಂದನ್ನು ಹೊಂದಿಸಿ, ಎಂಟೂ ಊರುಗಳನ್ನು ಮೂರು ವಾರದಲ್ಲಿ ಕೂಡಿಸಿದೆ. ಎಲ್ಲಿಯೂ ಒಂದು ಗಂಟೆ ಹಾಳಾಗುತ್ತಿರಲಿಲ್ಲ.

ದೊಡ್ಡಪ್ಪ ಕನ್ನಡಕ ಏರಿಸಿ ನೋಡಿದರು. "ರೈಲು ಸರಿಯಾಗಿ ಓಡುತ್ತೆ, ಒಪ್ಪಿದೆ. ಮನುಷ್ಯರು ಓಡ್ತಾರಾ ಅಂತ ಇಲ್ಲೇ ನೋಡ್ಬಿಡಾಣ. ಮೂಡಿಗೆರೆ, ಬಣಕಲ್, ಕಳಸ. ಮೂರು ದಿನ. ನೀನು ಬರೆದ ಹಾಗೇ ಹೋಗಿ ಬರಬೇಕು."

ಬಾಡಿಗೆ ಕಾರಿನ ಇಬ್ರಾಹಿಂ ಸಾಬರನ್ನು ಕರೆಸಿದೆವು. ಕಾರು ಹೊರಟ ಮೇಲೆ ದೊಡ್ಡಪ್ಪ ಊರುಗಳಿಗೆ ಹೆಸರಿಟ್ಟರು. ಮೂಡಿಗೆರೆ ಪ್ಯಾರಿಸ್, ಬಣಕಲ್ ಹ್ಯಾಂಬರ್ಗ್, ಕಳಸ ವಿಯೆನ್ನಾ. "ಸಾಬ್ರೇ, ಪ್ಯಾರಿಸ್ಸಿಗೆ ಬಿಡಿ" ಎಂದರೆ ಸಾಬರು ನಗದೆ, "ಪ್ಯಾರಿಸ್ ರಸ್ತೇಲಿ ಧೂಳು ಜಾಸ್ತಿ ಒಡೆಯರೇ, ಗಾಜು ಏರಿಸ್ಕೊಳಿ" ಎನ್ನುತ್ತಿದ್ದರು.

ಮೂಡಿಗೆರೆಯಲ್ಲಿ ನೆಂಟರ ಮನೆಗೆ ನಾನು ಕೊಟ್ಟಿದ್ದ ಸಮಯ ಅರ್ಧ ಗಂಟೆ. ಕಾಫಿ ಕುಡಿದು ಏಳಬೇಕು. ಲೋಟ ಕೆಳಗಿಡುವಷ್ಟರಲ್ಲಿ ಹಿತ್ತಲಲ್ಲಿ ರೆಕ್ಕೆ ಬಡಿದ ಸದ್ದಾಯಿತು. ಮನೆಯಾಕೆ ಒಳಗಿನಿಂದಲೇ, "ಕೋಳಿ ಹಿಡಿದಾಯ್ತು, ಇನ್ನು ಏಳೋ ಮಾತಾಡ್ಬೇಡಿ" ಎಂದರು. ನಮ್ಮ ಕಡೆ ನೆಂಟರಿಗೆಂದು ಕೋಳಿ ಹಿಡಿದ ಮೇಲೆ ಎದ್ದು ಹೋದರೆ ಆ ಮನೆಯ ಸ್ನೇಹವನ್ನೇ ಬಿಟ್ಟ ಹಾಗೆ. ಕಡುಬು, ಸಾರು ಆಗುವ ತನಕ ಕುಳಿತೆವು. ರಾತ್ರಿಯೂ ಅಲ್ಲೇ ಆಯಿತು.

ಬಣಕಲ್ ಮುಟ್ಟಿದಾಗ ಎರಡನೆಯ ದಿನದ ಸಂಜೆ. ಅಲ್ಲಿ ನನ್ನ ಸೋದರತ್ತೆಯ ಮನೆ. ಅತ್ತೆ ನಮ್ಮ ಪೆಟ್ಟಿಗೆಗಳನ್ನು ಒಳಕೋಣೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡರು. "ವರ್ಷಕ್ಕೊಂದು ಸಲ ಬರೋದು ನೀವು. ಅಣ್ಣಯ್ಯನಿಗೆ ನಾಳೆ ಎಣ್ಣೆ ಹಚ್ಚಿ ಸ್ನಾನ. ಆಮೇಲೆ ಬೇಕಾದ್ರೆ ಲಂಡನ್ನಿಗೇ ಹೋಗಿ."

ಮೂರನೆಯ ದಿನದ ಸಂಜೆ ನಾವಿನ್ನೂ ಅತ್ತೆಯ ಮನೆಯ ಜಗಲಿಯ ಮೇಲೇ ಇದ್ದೆವು. ನನ್ನ ಪ್ರಕಾರ ಆ ಹೊತ್ತಿಗೆ ಕಳಸ ನೋಡಿ ಮನೆ ಸೇರಿರಬೇಕಿತ್ತು.

ದೊಡ್ಡಪ್ಪ ಎಣ್ಣೆಸ್ನಾನದ ಸುಖದಲ್ಲಿ ಗೋಡೆಗೊರಗಿ ಹೇಳಿದರು. "ಪ್ಯಾರಿಸ್ಸಿನಲ್ಲಿ ಕೋಳಿ ಹಿಡಿದ್ರು. ಹ್ಯಾಂಬರ್ಗಿನಲ್ಲಿ ಪೆಟ್ಟಿಗೆಗೆ ಬೀಗ ಬಿತ್ತು. ವಿಯೆನ್ನಾ ಕಾಣಲೇ ಇಲ್ಲ. ರೈಟರಿಗೆ ಒಂದು ಕೋಟು ಹೊಲಿಸೋಕೆ ಹೇಳ್ತೀನಿ."

"ಬೀಗ ಹಾಕಿದ್ದು ನಾನು ಅಣ್ಣಯ್ಯ, ಅವಳಲ್ಲ" ಎಂದರು ಅತ್ತೆ.

"ನೀನು ಬೀಗ ಹಾಕ್ತೀಯ ಅಂತ ಅವಳು ಬರ್ಕೊಂಡಿರಬೇಕಿತ್ತು."

ಪ್ಯಾರಿಸ್ಸಿನಲ್ಲಿ ನಮಗಾಗಿ ಯಾರೂ ಕೋಳಿ ಹಿಡಿಯುವುದಿಲ್ಲ, ಯಾರೂ ಬೀಗ ಹಾಕುವುದಿಲ್ಲ ಎಂದು ಹೇಳಿ ನಾನು ಪಾರಾಗಬಹುದಿತ್ತು. ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಮ್ಮನ್ನು ನಿಲ್ಲಿಸಿದ್ದು ಕೋಳಿಯಲ್ಲ ಎಂಬುದನ್ನು ನಾನು ಕಣ್ಣಾರೆ ನೋಡಿದ್ದೆ.

"ದೊಡ್ಡಪ್ಪ, ಮೂಡಿಗೆರೇಲಿ ಊಟ ಮುಗಿದಾಗ ಇನ್ನೂ ಬಿಸಿಲಿತ್ತು. ಹೊರಡಬಹುದಿತ್ತು" ಎಂದೆ. "ನೀವು ಅವರ ಕಾಫಿ ಕಣದಲ್ಲಿದ್ರಿ. ಒಣಗೋಕೆ ಹರವಿದ್ದ ಪಾರ್ಚ್‌ಮೆಂಟ್ ಕಾಫಿ ಕೈಯಲ್ಲಿ ಹಿಡಿದು, ಒಂದೊಂದೇ ಬೀಜ ಕಚ್ಚಿ ನೋಡ್ತಾ ಕತ್ತಲಾಗೋವರೆಗೂ ಕೂತಿದ್ರಿ. ಮಾರನೆ ದಿನ ಬೆಳಿಗ್ಗೆ ಎದ್ದು ನೆರಳಿನ ಮರ ನೋಡೋಕೆ ಹೋದ್ರಿ. ಮಧ್ಯಾಹ್ನ ಬಂದ್ರಿ."

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದರು. "ಅದು ಸತ್ಯ. ಅಣ್ಣಯ್ಯನ್ನ ಕಣದಿಂದ ಏಳಿಸೋಕೆ ಅತ್ತಿಗೆಗೇ ಆಗ್ಲಿಲ್ಲ ಇಷ್ಟು ವರ್ಷ."

"ಹ್ಯಾಂಬರ್ಗಿನಲ್ಲಿ ಹಡಗಿಂದ ಇಳಿಸಿದ ಕಾಫಿ ಉಗ್ರಾಣದಲ್ಲಿ ಗುಡ್ಡ ಗುಡ್ಡ ಇರುತ್ತೆ" ಎಂದೆ. "ನಿಮ್ಮನ್ನ ಅಲ್ಲಿಂದ ಸಂಜೆ ರೈಲಿಗೆ ನಾನು ಎಳ್ಕೊಂಡು ಬರೋಕಾಗುತ್ತಾ? ನಾನು ರೈಲು ನೋಡಿ ಪ್ಲಾನು ಮಾಡಿದ್ದೆ. ನಿಮ್ಮನ್ನ ನೋಡಿ ಮಾಡಬೇಕಿತ್ತು. ಮೂರು ವಾರಕ್ಕೆ ಮೂರೇ ಊರು. ಪ್ಯಾರಿಸ್, ಹ್ಯಾಂಬರ್ಗ್, ಲಂಡನ್. ಮಾರ್ಸೇಲ್ಸಿನಲ್ಲಿ ಇಳಿಯೋದು, ಹತ್ತೋದು, ಅಷ್ಟೇ."

ದೊಡ್ಡಪ್ಪ ನೇರವಾಗಿ ಕುಳಿತರು. "ಎಂಟು ಅಂತ ಊರಿಗೆಲ್ಲ ಹೇಳಿದ್ದೀನಲ್ಲ ಮಾರಾಯ್ತಿ. ಮೂರು ನೋಡ್ಕೊಂಡು ಬಂದೆ ಅಂದ್ರೆ ಚಿಕ್ಕಮಗಳೂರಲ್ಲಿ ಮುಖ ಎಲ್ಲಿಡಲಿ?"

"ಎಂಟು ಊರಿನ ಸ್ಟೇಷನ್ ನೋಡಬೇಕು ಅಂದ್ರೆ ರೈಟರ ಜೊತೆ ಹೋಗಿ. ಕಾಫಿ ಕುಡಿಯೋರ ಮುಖ ನೋಡಬೇಕು ಅಂದ್ರೆ ಮೂರು. ಎಂಟಕ್ಕೆ ನಾನು ಬರಲ್ಲ."

ನನ್ನ ದನಿ ಏರಿರಲಿಲ್ಲ. ಹಿರಿಯರ ಎದುರು ನಾನು ಹಾಗೆ ಮಾತಾಡಿದವಳಲ್ಲ. ಇಲ್ಲ ಎಂದರೆ ಮುಗಿಯಿತು, ಇನ್ನೊಂದು ಅವಕಾಶ ನನಗೆ ಬರುವುದಿಲ್ಲ ಎಂದು ಗೊತ್ತಿತ್ತು. ಅಂಗಳದಲ್ಲಿ ಇಬ್ರಾಹಿಂ ಸಾಬರು ಕಾರಿನ ಗಾಜು ಒರೆಸುವುದನ್ನು ನಿಲ್ಲಿಸಿದ್ದರು.

ದೊಡ್ಡಪ್ಪ ಬಹಳ ಹೊತ್ತು ಎಲೆಗೆ ಸುಣ್ಣ ಹಚ್ಚಿದರು. ಹಚ್ಚಿದ ಎಲೆಯನ್ನು ಬಾಯಿಗಿಡದೆ ತಟ್ಟೆಯ ಮೇಲಿಟ್ಟರು.

"ಹ್ಯಾಂಬರ್ಗಿಗೆ ಎಷ್ಟು ದಿನ ಇಟ್ಟಿದ್ದೀಯ?"

"ಒಂದು ವಾರ."

"ಹ್ಞೂಂ" ಎಂದರು. ತಟ್ಟೆಯ ಎಲೆಯನ್ನು ಮಡಿಸಿ ಬಾಯಿಗಿಟ್ಟು, "ರೈಟರಿಗೆ ಹಡಗೂ ಆಗಿ ಬರ್ತಿರಲಿಲ್ಲ ಬಿಡು" ಎಂದರು.

ಅತ್ತೆ ಎದ್ದು ಸೆರಗಿನ ಗಂಟು ಬಿಚ್ಚಿ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಕೊಡುವಾಗ ಮೆಲ್ಲನೆ, "ಮೂರರಲ್ಲಿ ನಿನ್ನ ಊರು ಯಾವುದೇ?" ಎಂದು ಕೇಳಿದರು. ಎಲ್ಲವೂ ಎಂದೆ. ಅವರು ನಂಬಲಿಲ್ಲ ಎಂದು ಮುಖದಲ್ಲಿ ಕಂಡಿತು.

ಆ ಬೇಸಿಗೆ ನಾವು ಹೋಗಿ ಬಂದೆವು. ಹ್ಯಾಂಬರ್ಗಿನ ಉಗ್ರಾಣದಲ್ಲಿ ದೊಡ್ಡಪ್ಪನಿಗೆ ವಾರವೂ ಸಾಲಲಿಲ್ಲ. ಲಂಡನ್ನಿನ ಪಾಲಿನಿಂದ ಒಂದು ದಿನ ಕಡ ತಂದೆ. ಹ್ಯಾಂಬರ್ಗಿನ ಆ ಉಗ್ರಾಣದ ಮುದುಕನೊಬ್ಬ ಇವರ ಹಾಗೆಯೇ ಬೀಜ ಕಚ್ಚಿ ನೋಡುತ್ತಿದ್ದ. ಭಾಷೆ ಬಾರದ ಇಬ್ಬರೂ ಒಂದೇ ಮೂಟೆಯ ಮೇಲೆ ಕುಳಿತಿದ್ದುದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಇಂದು ಪತ್ರಿಕೆಯಲ್ಲಿ ಆ ಊರಿನ ಹೆಸರು ಬಾಂಬಿನ ಸುದ್ದಿಯೊಡನೆ ಬಂದಾಗ ನನಗೆ ಮೊದಲು ನೆನಪಾಗುವುದು ಆ ಮುದುಕ. ಎಂಟು ಊರು ಓಡಿದ್ದರೆ ನನಗೆ ಅಲ್ಲಿ ನೆನೆಯಲು ಯಾರೂ ಇರುತ್ತಿರಲಿಲ್ಲ. ವಿಯೆನ್ನಾವನ್ನು ನಾನು ನೋಡಲಿಲ್ಲ. ಅದನ್ನು ಪಟ್ಟಿಯಿಂದ ಕೈಯಾರೆ ತೆಗೆದವಳು ನಾನೇ, ಮತ್ತು ಅದು ಸರಿಯಾಗಿಯೇ ಇತ್ತು.

ಆದರೆ ಬಣಕಲ್ಲಿನ ಆ ಸಂಜೆಯ ಮರುದಿನ ಬೆಳಿಗ್ಗೆ ದೊಡ್ಡಪ್ಪ, "ಇನ್ನು ಕಳಸ ಯಾಕೆ, ಮನೆಗೆ ಹೋಗಾಣ" ಎಂದಾಗ ನಾನು ಒಪ್ಪಲಿಲ್ಲ. ಅವರನ್ನು ಅತ್ತೆಯ ಮನೆಯ ಕಣದಲ್ಲೇ ಬಿಟ್ಟು, ಅತ್ತೆಯನ್ನು ಜೊತೆಗೆ ಕೂರಿಸಿಕೊಂಡು ಕಾರು ಹತ್ತಿದೆ. ಎಲ್ಲಿಗೆ ಎಂದು ಸಾಬರು ಕೇಳಿದರು.

"ವಿಯೆನ್ನಾಕ್ಕೆ" ಎಂದೆ.

ಕಳಸದಲ್ಲಿ ಭದ್ರೆಯ ದಂಡೆಯ ಬಂಡೆಯ ಮೇಲೆ ನೀರಿಗೆ ಕಾಲು ಇಳಿಬಿಟ್ಟುಕೊಂಡು ಕುಳಿತೆ. ಕೈಗಡಿಯಾರ ಕಾರಿನಲ್ಲೇ ಇತ್ತು.