ಐದು ವಾರ ಮೊದಲೇ ಹೊರಟ ಸಸಿಗಳು

ಬಸ್ ಡಿಪೋದಲ್ಲಿ ಅವರಿಗೆ ಸೆಕೆಂಡ್ ಮುಳ್ಳು ಎಂದು ಹೆಸರು. ಮೂವತ್ತೊಂದು ವರ್ಷ ಅಲ್ಲಿ ಬಸ್ಸುಗಳ ವೇಳಾಪಟ್ಟಿ ಬರೆದವರು. ಹೆಸರಿಟ್ಟವನು ಒಬ್ಬ ಮೆಕ್ಯಾನಿಕ್. ಹೊಗಳಿಕೆ ಇರಬೇಕೆಂದು ಇವರು ಹತ್ತು ವರ್ಷ ಬೀಗಿದರು. ಆಮೇಲೆ ಒಂದು ದಿನ ಟೀ ಕುಡಿಯುತ್ತಾ ಅವನೇ ಬಿಡಿಸಿ ಹೇಳಿದ: ಗಡಿಯಾರದಲ್ಲಿ ಎಲ್ಲಕ್ಕಿಂತ ಹೆಚ್ಚು ಓಡಾಡುವುದು ಅದೇ, ಆದರೆ ಅದನ್ನು ನೋಡಿ ಟೈಮು ಹೇಳುವವರು ಯಾರೂ ಇಲ್ಲ. ಇವರು ಬೇಜಾರು ಮಾಡಿಕೊಳ್ಳಲಿಲ್ಲ, ಮನೆಗೆ ಬಂದು ಹೆಂಡತಿಗೂ ಹೇಳಿ ನಕ್ಕರು. ಹೆಂಡತಿ ನಗಲಿಲ್ಲ. ಆಕೆಗೆ ಅದು ಮದುವೆಯಾದ ವರ್ಷವೇ ಗೊತ್ತಾಗಿತ್ತು.

ತಮ್ಮನ್ನು ತಾವೇ ಆಡಿಕೊಳ್ಳುವುದರಲ್ಲಿ ಅವರು ಎತ್ತಿದ ಕೈ, ಅದಕ್ಕೆ ಸರಕಿನ ಕೊರತೆಯೂ ಇರಲಿಲ್ಲ. ಊರಿನ ಬಸ್ಸುಗಳನ್ನೆಲ್ಲ ಹೊತ್ತಿಗೆ ಸರಿಯಾಗಿ ಹೊರಡಿಸಿದ ಈ ಮನುಷ್ಯ ಒಡಹುಟ್ಟಿದ ಅಕ್ಕನ ಮನೆಗೆ ಹೋಗಿ ಎರಡು ವರ್ಷವಾಗಿತ್ತು. ಒಂದು ಗಂಟೆ ನಲವತ್ತು ನಿಮಿಷದ ದಾರಿ. ದಿನಕ್ಕೆ ಆರು ಬಸ್ಸು, ಆರಕ್ಕೂ ಸಮಯ ಬರೆದವರು ಇವರೇ. ನಿವೃತ್ತಿಯಾದ ಮೇಲೆ ‘ನಾಳೆ ಹೋದರಾಯಿತು’ ಅನ್ನುವುದಕ್ಕೆ ಬೇಕಾದಷ್ಟು ನಾಳೆಗಳು ಸಿಕ್ಕಿದ್ದವು.

ಹಾಗಾಗಿ ಜನವರಿಯಲ್ಲಿ ಅಕ್ಕ ಕಾದು ಕಾದು ಸಾಕಾಗಿ ಒಬ್ಬ ಡ್ರೈವರ್ ಕೈಯಲ್ಲಿ ಪುಟ್ಟ ಪೊಟ್ಟಣ ಕಳಿಸಿದಳು. ಮಾತ್ರೆ ಹಾಕಿಕೊಡುವ ಕಾಗದದ ಕವರು, ಒಳಗೆ ಇಪ್ಪತ್ತೆರಡು ಟೊಮೆಟೊ ಬೀಜ. ಅಮ್ಮನ ಕಾಲದಿಂದ ಬಂದ ತಳಿ ಅದು. ಹಣ್ಣು ನೋಡುವುದಕ್ಕೆ ಚೆಂದವಿಲ್ಲ, ಮೈಯೆಲ್ಲ ಗೆರೆ, ತೊಟ್ಟಿನ ಹತ್ತಿರ ಬಿರುಕು, ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ತಿಂದರೆ ಮಾತ್ರ ಅಂಗಡಿಯ ಹಣ್ಣು ಬರೀ ನೀರು ಅನ್ನಿಸುತ್ತದೆ. ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅಕ್ಕ ಮೂವತ್ತು ವರ್ಷ ಒಂದು ವರ್ಷವೂ ತಪ್ಪಿಸದೆ ಅದನ್ನು ಬಿತ್ತಿ ಬೀಜ ಉಳಿಸಿದ್ದಳು. ಈ ಸಲ ಮಂಡಿ ಕೈಕೊಟ್ಟಿತ್ತು.

“ಕೂತ್ರೆ ಏಳಕ್ಕಾಗಲ್ಲ ಕಣೋ, ಇನ್ನು ನೀನೇ ನೋಡ್ಕೋ,” ಎಂದಳು ಫೋನಿನಲ್ಲಿ. “ಚಳಿ ಪೂರ್ತಿ ಹೋದ್ಮೇಲೆ ಹೊರಗೆ ನೆಡೋದು. ಅದಕ್ಕೆ ಒಂದೂವರೆ ತಿಂಗಳು ಮುಂಚೆ ಮನೆಯೊಳಗೆ ಬಿತ್ತು. ಅಷ್ಟೇ.”

ಅಷ್ಟೇ ಎಂದರೆ ಅಷ್ಟಕ್ಕೇ ಬಿಡುವ ಜಾತಿಯೇ ಇದು? ಒಂದು ಮಾತನ್ನು ಹನ್ನೊಂದು ಸಾಲಿನ ಪಟ್ಟಿ ಮಾಡದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಡಿಪೋದ ಹಳೆಯ ಚೌಕುಳಿ ಹಾಳೆ ತೆಗೆದು, ಸ್ಕೇಲು ಇಟ್ಟು, ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಿದರು. ಬೆಟ್ಟದ ಮೇಲಿನ ಅವರ ಊರಲ್ಲಿ ಚಳಿ ಬಿಡುವುದು ಏಪ್ರಿಲ್ ಹದಿನೈದಕ್ಕೆ. ಆರು ವಾರ ಹಿಂದೆ ಸರಿದರೆ ಮಾರ್ಚ್ ನಾಲ್ಕು. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ.

ಆದರೆ ವೇಳಾಪಟ್ಟಿ ಬರೆಯುವವರಿಗೆ ಒಂದು ಅಭ್ಯಾಸವಿರುತ್ತದೆ. ರೈಲ್ವೆ ಗೇಟು ಬಿದ್ದೀತು, ಟೈರು ಪಂಕ್ಚರಾದೀತು ಎಂದು ಪ್ರತಿ ನಿಲ್ದಾಣಕ್ಕೂ ನಾಲ್ಕೈದು ನಿಮಿಷ ಹೆಚ್ಚಿಗೆ ಸೇರಿಸುತ್ತಾರೆ. ಇವರು ಬೀಜಕ್ಕೂ ಸೇರಿಸಿದರು. ಮೊಳಕೆ ತಡವಾದೀತು, ಎಂಟು ದಿನ. ಎಲೆ ಬಿಡುವುದು ನಿಧಾನವಾದೀತು, ಏಳು. ಕುಂಡ ಬದಲಿಸಿದಾಗ ಮುನಿಸಿಕೊಂಡೀತು, ಏಳು. ಬಿಸಿಲು ಗಾಳಿಗೆ ರೂಢಿಯಾಗಲು ಇನ್ನೇಳು. ಯಾವುದಕ್ಕೂ ಇರಲಿ ಎಂದು ಆರು. ಹೀಗೆ ಐದು ವಾರ ಹಿಂದೆ ಹೋಗಿ, ಜನವರಿ ಇಪ್ಪತ್ತೆಂಟರ ಬೆಳಿಗ್ಗೆ ಹತ್ತಕ್ಕೆ ಇಪ್ಪತ್ತೆರಡನ್ನೂ ಬಿತ್ತಿ ಬೆನ್ನು ತಟ್ಟಿಕೊಂಡರು.

“ಎಲ್ಲಾನೂ ಬಿತ್ತಿಬಿಟ್ರಾ?” ಎಂದಳು ಹೆಂಡತಿ. ಆಕೆ ಮನೆಯಲ್ಲೇ ಬಟ್ಟೆ ಹೊಲಿಯುವವಳು, ಮುಂದೆ ಸಡಿಲಿಸಬೇಕಾದೀತೆಂದು ಎಂಥ ಬ್ಲೌಸಿಗೂ ತುಸು ಬಟ್ಟೆ ಒಳಗೆ ಮಡಿಚಿಡುತ್ತಾಳೆ.

“ಅಕ್ಕ ನನ್ನ ನಂಬಿ ಎಲ್ಲಾ ಕಳಿಸ್ತಾಳೇನೆ? ಅರ್ಧ ಅವಳ ಡಬ್ಬೀಲೇ ಇರತ್ತೆ. ನನ್ನ ಬಗ್ಗೆ ನನಗಿಂತ ಚೆನ್ನಾಗಿ ಅವಳಿಗೆ ಗೊತ್ತು.”

ನಾಲ್ಕನೇ ದಿನಕ್ಕೇ ಹತ್ತೊಂಬತ್ತು ಮೊಳೆತವು. ಎಲ್ಲವೂ ಪಟ್ಟಿಗಿಂತ ಮುಂದೆ. ಸೆಕೆಂಡ್ ಮುಳ್ಳು ಮೀಸೆ ತಿರುವಿದರು. ಫೆಬ್ರವರಿ ಮುಗಿಯುವ ಹೊತ್ತಿಗೆ ಸಸಿಗಳು ಕಿಟಕಿಯ ಬೆಳಕಿಗೆ ಕತ್ತು ಚಾಚಿ ಚಾಚಿ ಮೊಣಕೈಯುದ್ದವಾದವು, ದಪ್ಪ ಮಾತ್ರ ಹೊಲಿಗೆ ದಾರದಷ್ಟು. ಕಿಟಕಿಯ ಕಟ್ಟೆ ತುಂಬಿತು, ಹೆಂಡತಿಯ ಇಸ್ತ್ರಿ ಮೇಜು ಹೋಯಿತು. ಆಕೆ ಗೊಣಗುತ್ತಲೇ ಬಟ್ಟೆಯ ಅಂಚಿನ ಪಟ್ಟಿ ಕತ್ತರಿಸಿ ಒಂದೊಂದನ್ನೂ ಕಡ್ಡಿಗೆ ಕಟ್ಟಿದಳು. ಹೊರಗೆ ಇನ್ನೂ ಹಲ್ಲು ಕಟಕಟಿಸುವ ಚಳಿ.

ಆಗ ಇವರಿಗೆ ಹೊಳೆಯಿತು. ಬಸ್ಸು ಬೇಗ ಬಂದರೆ ನಿಲ್ದಾಣದಲ್ಲಿ ಎಂಜಿನ್ ಆರಿಸಿ ನಿಲ್ಲುತ್ತದೆ, ಡ್ರೈವರ್ ಇಳಿದು ಟೀ ಕುಡಿಯುತ್ತಾನೆ. ಗಿಡಕ್ಕೆ ಎಂಜಿನ್ ಆರಿಸುವುದು ಹೇಗೆ? ಇಷ್ಟು ಸಣ್ಣ ವಿಷಯ ತಿಳಿಯಲು ಅರವತ್ತೆರಡು ವಯಸ್ಸಾಗಬೇಕಾಯಿತು. ‘ಪರವಾಗಿಲ್ಲ, ದಡ್ಡತನವಾದರೂ ಹೊತ್ತಿಗೆ ಮುಂಚೆ ಬಂತು,’ ಎಂದು ತಮಗೆ ತಾವೇ ಹೇಳಿಕೊಂಡರು.

ತಮಾಷೆ ಮಾಡಿ ಸುಮ್ಮನಾಗಿದ್ದರೆ ಆಗುತ್ತಿತ್ತು. ಮಾರ್ಚ್ ಮಧ್ಯದಲ್ಲಿ ಎರಡು ದಿನ ಬಿಸಿಲು ಬಂತೆಂದು ಒಂಬತ್ತನ್ನು ಹಿತ್ತಲಲ್ಲಿ ನೆಟ್ಟರು. ಮೂರನೆಯ ಬೆಳಿಗ್ಗೆ ಹೋಗಿ ನೋಡಿದರೆ ರಾತ್ರಿಯ ಕೊರೆಯುವ ಚಳಿಗೆ ಒಂಬತ್ತೂ ಬೇಯಿಸಿದ ಸೊಪ್ಪಿನ ಹಾಗೆ ಕಪ್ಪಾಗಿ ಮಲಗಿದ್ದವು. ಈ ಸಲ ನಗು ಬರಲಿಲ್ಲ. ಒಳಗೆ ಬಂದು ಅಕ್ಕನಿಗೆ ಫೋನು ಮಾಡಿದರು.

“ಅಕ್ಕಾ, ನಿನ್ನ ಹತ್ರ ಇರೋ ಬೀಜದಲ್ಲಿ ಒಂದು ನಾಲ್ಕು ಕಳಿಸ್ತೀಯಾ? ಸುಮ್ನೆ, ಹೆಚ್ಚಿಗೆ ಇರಲಿ ಅಂತ.”

“ನನ್ನ ಹತ್ರ ಎಲ್ಲಿದೆಯೋ? ಇದ್ದಿದ್ದೆಲ್ಲಾ ನಿನಗೇ ಕಳಿಸಿದ್ನಲ್ಲ. ಯಾಕೆ, ಏನಾಯ್ತು?”

ಅವರು ಫೋನು ಹಿಡಿದೇ ಇಸ್ತ್ರಿ ಮೇಜಿನ ಕಡೆ ತಿರುಗಿದರು. “ಏನಿಲ್ಲ. ಚೆನ್ನಾಗಿ ಬೆಳೀತಿವೆ.”

ಅದು ಸುಳ್ಳೂ ಅಲ್ಲ, ಬೆಳೆಯುತ್ತಿದ್ದದ್ದೇ ತೊಂದರೆ. ಒಳಗೆ ಉಳಿದದ್ದು ಹತ್ತು ಸಸಿ. ಅಮ್ಮನ ಟೊಮೆಟೊ ಅಂತ ಈ ಭೂಮಿಯ ಮೇಲೆ ಇದ್ದದ್ದು ಇಸ್ತ್ರಿ ಮೇಜಿನ ಮೇಲಿನ ಆ ಹತ್ತೇ. ಕೆಳಗಿನ ಎಲೆಗಳು ಆಗಲೇ ಹಳದಿಯಾಗುತ್ತಿದ್ದವು, ಇನ್ನೊಂದು ತಿಂಗಳು ಕಾಯುವ ಶಕ್ತಿ ಅವಕ್ಕಿರಲಿಲ್ಲ. ಅವರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

“ರೀ, ಅಕ್ಕನ ಊರು ತಗ್ಗಲ್ಲಿದೆ. ಅಲ್ಲಿ ಚಳಿ ಹೋಗಿ ಆಗ್ಲೇ ವಾರ ಆಯ್ತಂತೆ,” ಎಂದಳು ಹೆಂಡತಿ. “ಅಲ್ಲಿಗೇ ತಗೊಂಡು ಹೋಗಿ.”

“ಯಾವ ಮುಖ ಇಟ್ಕೊಂಡು ಹೋಗ್ಲೇ?”

“ಇರೋದೊಂದೇ ಅಲ್ವಾ, ಅದನ್ನೇ ಇಟ್ಕೊಂಡು ಹೋಗಿ.”

ಮರುದಿನ ಒಂಬತ್ತೂ ಹತ್ತರ ಬಸ್ಸು. ತೊಡೆಯ ಮೇಲೆ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯಿಂದ ಮೇಲೆದ್ದು ಮುಖಕ್ಕೆ ತಾಗುವ ಹತ್ತು ಸಸಿ. ಅರ್ಧ ದಾರಿಯಲ್ಲಿ ಬಸ್ಸು ಒಂದು ನಿಲ್ದಾಣಕ್ಕೆ ಬೇಗ ಬಂದು ನಿಂತಿತು. ಹನ್ನೊಂದು ನಿಮಿಷ ಕದಲಲಿಲ್ಲ. ಬಾಗಿಲಿಂದ ನುಗ್ಗಿದ ಗಾಳಿಗೆ ಸಸಿಗಳು ತೂಗಾಡಿದವು. ಇವರು ಕೋಟಿನ ಗುಂಡಿ ಬಿಚ್ಚಿ ಅವನ್ನು ಒಳಗೆ ಸೇರಿಸಿಕೊಂಡರು.

“ದಿನಾ ಇದೇ ಗೋಳು,” ಎಂದಳು ಪಕ್ಕದ ಸೀಟಿನ ಹೆಂಗಸು. “ಈ ಟೈಮ್ ಬರೆದೋನಿಗೆ ಮಾಡಕ್ಕೆ ಬೇರೆ ಕೆಲಸ ಇರಲಿಲ್ಲ ಅನ್ಸತ್ತೆ.”

“ಇರಲಿಲ್ಲಮ್ಮ,” ಎಂದರು ಸೆಕೆಂಡ್ ಮುಳ್ಳು. “ನಾನು ಬಲ್ಲೆ ಅವನನ್ನ. ಮನೇಲೂ ಹಂಗೇ.”

ಅಕ್ಕ ಬಾಗಿಲಲ್ಲಿ ಕೋಲು ಹಿಡಿದು ನಿಂತಿದ್ದಳು. ಎರಡು ವರ್ಷದಲ್ಲಿ ಆಕೆ ಇಷ್ಟು ಸಣ್ಣಗಾಗಿದ್ದಾಳೆಂದು ಫೋನಿನಲ್ಲಿ ಗೊತ್ತಾಗಿರಲಿಲ್ಲ. ಇವರು ಚಪ್ಪಲಿ ಬಿಡುವ ಮೊದಲೇ ಎಲ್ಲವನ್ನೂ ಒಪ್ಪಿಸಿಬಿಟ್ಟರು: ಹನ್ನೊಂದು ಸಾಲಿನ ಪಟ್ಟಿ, ಐದು ವಾರ, ಕಪ್ಪಾದ ಒಂಬತ್ತು, ಫೋನಿನಲ್ಲಿ ಮುಚ್ಚಿಟ್ಟದ್ದು. ಅಕ್ಕ ಪೆಟ್ಟಿಗೆಯೊಳಗೆ ಇಣುಕಿದಳು.

“ಇವು ದಿನ ಮೀರಿದ ಕೂಸುಗಳು,” ಎಂದಳು. “ಬೇಗ ಹೊರಗೆ ತೆಗೀಬೇಕು. ಸಲಿಕೆ ಅಲ್ಲಿದೆ.”

ಹಿತ್ತಲಲ್ಲಿ ಅಕ್ಕ ಕುರ್ಚಿ ಹಾಕಿ ಕೂತಳು. ಇವರು ಮಂಡಿಯೂರಿದರು. ಗುಂಡಿ ಬೇಡ, ಉದ್ದಕ್ಕೆ ಕಾಲುವೆ ತೋಡು ಎಂದಳು. ತುದಿಯ ನಾಲ್ಕೆಲೆ ಬಿಟ್ಟು ಉಳಿದದ್ದೆಲ್ಲ ಚಿವುಟಿ, ದಂಟನ್ನು ಮಣ್ಣಲ್ಲಿ ಮಲಗಿಸಬೇಕಂತೆ, ತಲೆ ಮಾತ್ರ ಹೊರಗೆ. ಹೂತ ದಂಟಿನ ಉದ್ದಕ್ಕೂ ಬೇರು ಬರುತ್ತದಂತೆ. ಅವರು ಹೇಳಿದಷ್ಟೇ ಮಾಡಿದರು. ಒಂದು ಬೆರಳಷ್ಟೂ ಹೆಚ್ಚಿಗೆ ಅಗೆಯಲಿಲ್ಲ. ಹತ್ತರಲ್ಲಿ ಆರು ಬದುಕಿದವು, ಆದರೆ ಅದು ಆಮೇಲಿನ ಮಾತು. ಆ ಹೊತ್ತಿನಲ್ಲಿ ಒಂದಾದರೂ ಉಳಿಯುತ್ತದೆಂದು ಇಬ್ಬರಿಗೂ ಭರವಸೆ ಇರಲಿಲ್ಲ.

“ಎಲ್ಲಾ ಬೀಜ ಯಾಕೆ ಕಳಿಸಿದೆ ಅಕ್ಕ?” ಎಂದರು ತಲೆಯೆತ್ತದೆ. “ನಾನು ಎಂಥೋನು ಅಂತ ಗೊತ್ತಿದ್ದೂ. ಅರ್ಧ ಇಟ್ಕೋಬಾರ್ದಿತ್ತಾ?”

ಅಕ್ಕ ಕೋಲಿನ ತುದಿಯಿಂದ ಒಂದು ಹೆಂಟೆಯನ್ನು ಪಕ್ಕಕ್ಕೆ ತಳ್ಳಿದಳು.

“ಅರ್ಧ ಇಟ್ಕೊಂಡಿದ್ರೆ ಇವತ್ತು ನೀನು ಬರ್ತಿದ್ಯೇನೋ?”

ಮಣ್ಣು ಮೆತ್ತಿದ ಕೈ ಅಲ್ಲೇ ನಿಂತಿತು. ಬಾಯಿಗೆ ಬಂದ ತಮಾಷೆಯನ್ನು ಅವರು ನುಂಗಿದರು.

“ಇಲ್ಲ ಅಕ್ಕ. ಬರ್ತಿರಲಿಲ್ಲ.”

“ಗೊತ್ತು,” ಎಂದಳು ಅಕ್ಕ. “ಆ ಕೊನೇದನ್ನ ಇನ್ನೂ ಸ್ವಲ್ಪ ಆಳಕ್ಕೆ ಮಲಗಿಸು. ನೀರು ನೀನೇ ಹಾಕ್ಬೇಕು, ನನ್ ಕೈಲಿ ಕೊಡ ಎತ್ತಕ್ಕಾಗಲ್ಲ. ನಾಳಿದ್ದು ಬಾ.”