ಕಾಣದ ಎಡಬದಿ

ಬೆಳಕು ಹರಿಯುವ ಮೊದಲೇ ನಿಯೇವೆಸ್ ಬಿಸಿ ಬ್ರೆಡ್ಡಿನ ಬುಟ್ಟಿಗಳನ್ನು ವ್ಯಾನಿಗೆ ಏರಿಸುತ್ತಿದ್ದಾರೆ. ಪಕ್ಕದ ಸೀಟಿನಲ್ಲಿ ಮುಖ ಗಂಟು ಹಾಕಿ ಕೂತವರು ಎಪ್ಪತ್ತೆಂಟರ ಸಾತುರ್ನಿನೊ. ವ್ಯಾನು ಅವರದು. ಸ್ಪೇನಿನ ಸೋರಿಯಾ ಪ್ರಾಂತ್ಯದ ಈ ಬೆಟ್ಟದ ಹಳ್ಳಿಗಳಿಗೆ ಜೀವಮಾನವೆಲ್ಲ ಬ್ರೆಡ್ ಹಂಚಿದವರೂ ಅವರೇ. ಅವರ ಡ್ರೈವಿಂಗ್ ಲೈಸೆನ್ಸ್ ಹೋದದ್ದು ನಿಯೇವೆಸ್ ಕೈಯಿಂದಲೇ.

ಹತ್ತು ಗಂಟೆಗೆ ನಿಯೇವೆಸ್ ತಮ್ಮ ಅಸಲಿ ಕೆಲಸಕ್ಕೆ ಹೋಗುತ್ತಾರೆ. ಪಟ್ಟಣದ ಚಾಲಕರ ತಪಾಸಣಾ ಕೇಂದ್ರದಲ್ಲಿ, ಲೈಸೆನ್ಸ್ ನವೀಕರಣಕ್ಕೆ ಬಂದ ವಯಸ್ಸಾದವರನ್ನು ಕಂಪ್ಯೂಟರ್ ಮುಂದೆ ಕೂರಿಸುವುದು. ಎರಡು ಹಿಡಿಕೆ ತಿರುಗಿಸುತ್ತ ಪರದೆಯ ಎರಡು ಚುಕ್ಕಿಗಳನ್ನು ದಾರಿ ತಪ್ಪದಂತೆ ನಡೆಸಬೇಕು. ನಡುವೆ ಅಂಚಿನಲ್ಲಿ ದೀಪ ಮಿನುಗಿದರೆ ಗುಂಡಿ ಒತ್ತಬೇಕು. ತಪ್ಪಿದರೆ ಯಂತ್ರ ಕಿರುಚುತ್ತದೆ. ದಿನಕ್ಕೆ ಹತ್ತು ಹನ್ನೆರಡು ಮಂದಿ ಬರುತ್ತಾರೆ. ಸಹಿ ಡಾಕ್ಟರದು, ಬೈಗುಳ ನಿಯೇವೆಸ್ ಪಾಲಿಗೆ.

"ಡಾಕ್ಟರಿಗೆ ಮನೇಲಿ ಮಾಡಿದ ಸಾಸೇಜ್ ತಂದು ಕೊಡ್ತಾರೆ. ನಂಗೆ ಶಾಪ ಹಾಕಿ ಹೋಗ್ತಾರೆ," ಎನ್ನುತ್ತಾರೆ.

ಸಾತುರ್ನಿನೊ ಎಡ ಅಂಚಿನ ಒಂದು ದೀಪಕ್ಕೂ ಗುಂಡಿ ಒತ್ತಲಿಲ್ಲ. ಮತ್ತೆ ಮತ್ತೆ ಕೂರಿಸಿದರೂ ಅಷ್ಟೇ. "ದೀಪವೇ ಹತ್ತಿಲ್ಲ, ನಿನ್ನ ಡಬ್ಬ ಕೆಟ್ಟಿದೆ ಅಂತ ಜಗಳ ಆಡಿದ್ರು. ಆ ಕಡೆ ಕಾಣಲ್ಲ ಅನ್ನೋದೇ ಅವರಿಗೆ ಗೊತ್ತಿಲ್ಲ. ನಾನೇನು ಮಾಡ್ಲಿ? ಹೋಗ್ಲಿ ಅಂತ ಬಿಟ್ಟುಬಿಡ್ಲಾ?"

ಬಿಡಲಿಲ್ಲ. ಅಂಗಡಿಯೂ ಬಸ್ಸೂ ಇಲ್ಲದ ಹಳ್ಳಿಗಳಿಗೆ ಬ್ರೆಡ್ ಬರುವುದು ನಿಂತಿತು. ಹೆತ್ತ ತಾಯಿಯೇ ನಿಯೇವೆಸ್‌ರನ್ನು ಬಾಗಿಲಲ್ಲಿ ನಿಲ್ಲಿಸಿ, "ನಿನ್ನ ಯಂತ್ರಾನೇ ಸೂಪಿಗೆ ಅದ್ಕೊಂಡು ತಿನ್ಲೇನೇ?" ಎಂದರು. ಬೇರೆ ಯಾರೂ ಮುಂದೆ ಬರಲಿಲ್ಲ. ಕೊನೆಗೆ ನಿಯೇವೆಸ್ ತಾವೇ ಹೋಗಿ ವ್ಯಾನಿನ ಕೀಲಿ ಕೇಳಿದರು.

"ತಗೊಂಡು ಹೋಗು," ಎಂದರಂತೆ ಸಾತುರ್ನಿನೊ, "ಹಾರ್ನ್ ಮಾತ್ರ ನಾನೇ ಹೊಡೆಯೋದು."

ಅಂದಿನಿಂದ ಪ್ರತಿ ತಿರುವಿಗೂ ಕೈ ಚಾಚಿ ಹಾರ್ನ್ ಹೊಡೆಯುತ್ತಾರೆ, ಮಾತಾಡುವುದಿಲ್ಲ. "ಒಂದು ದಿನ ನಗ್ತಾ ಮಾತಾಡಿಸಿದ್ರೆ ಸಾಕು ನಂಗೆ," ಎನ್ನುವ ನಿಯೇವೆಸ್‌ಗೆ ಅದಕ್ಕಿಂತ ದೊಡ್ಡ ಆಸೆಯೇನೂ ಇಲ್ಲ.

ಕೊನೆಯ ಹಳ್ಳಿ. ಚರ್ಚಿನ ಗೋಡೆಯ ಪಕ್ಕದಿಂದ, ಎಡಗಡೆಯಿಂದ, ಬಟ್ಟೆ ಚೀಲ ಹಿಡಿದ ಬಸಿಲಿಸಾ ಅಜ್ಜಿ ಹಾರ್ನ್ ಕೇಳಿದ ಸಂಭ್ರಮಕ್ಕೆ ನೇರ ರಸ್ತೆಗೇ ಇಳಿದುಬಿಡುತ್ತಾರೆ. ನಿಯೇವೆಸ್ ಬ್ರೇಕ್ ಒತ್ತುತ್ತಾರೆ. ಹಿಂದೆ ಬುಟ್ಟಿಗಳು ಉರುಳುತ್ತವೆ.

"ಯಾಕೆ ನಿಲ್ಸಿದೆ? ದಾರಿ ಖಾಲಿ ಇದೆಯಲ್ಲ!" ಸಾತುರ್ನಿನೊ ರೇಗುತ್ತಾರೆ.

ಅಷ್ಟರಲ್ಲಿ ಬಸಿಲಿಸಾ ಬಾನೆಟ್ ಗುದ್ದುತ್ತಿದ್ದಾರೆ. "ಕೊಲ್ತೀಯೇನೇ, ಹಾಳಾದವಳೇ? ನಮ್ಮ ಸಾತುರ್ನಿನೊ ಓಡಿಸ್ತಿದ್ದಿದ್ರೆ ಹೀಗಾಗ್ತಿತ್ತಾ?"

ದನಿ ಬಂದ ಮೇಲೆ ಸಾತುರ್ನಿನೊ ಅತ್ತ ತಿರುಗುತ್ತಾರೆ. ಇಷ್ಟು ದಿನದಲ್ಲಿ ಮೊದಲ ಬಾರಿಗೆ ಅವರ ಮುಖದಲ್ಲಿ ನಗು. "ಕೇಳಿಸ್ತಾ?" ಎನ್ನುತ್ತಾರೆ.

ನಿಯೇವೆಸ್ ಒಂದು ಬ್ರೆಡ್ ಆರಿಸಿ ಕಿಟಕಿಯಾಚೆ ಚಾಚುತ್ತಾರೆ.

"ತಗೊಳ್ಳಿ ಅಜ್ಜಿ. ಇನ್ನೂ ಬಿಸಿ ಇದೆ."